ಮುಖ ನೋಡಿ ಮಣೆ ಹಾಕುವ ಮುನ್ನ

ಪದವಿಯ ಕೊನೆಯ ವರ್ಷದವರಿಗೆಂದು ನಡೆಯುವ ವ್ಯಕ್ತಿತ್ವ ವಿಕಸನ ಶಿಬಿರಗಳಲ್ಲಿ ಒಂದು ಲೆಕ್ಕ ತಪ್ಪದೆ ಕೇಳಿಬರುತ್ತದೆ. ನಮ್ಮ ಮಾತಿನಲ್ಲಿ ಶೇ 7ರಷ್ಟು ಮಾತ್ರ ಪದಗಳಿಂದ, ಶೇ 38ರಷ್ಟು ದನಿಯಿಂದ, ಉಳಿದ ಶೇ 55ರಷ್ಟು ಮುಖಭಾವ ಮತ್ತು ಆಂಗಿಕ ಚಲನೆಗಳಿಂದ ಎದುರಿನವರನ್ನು ತಲುಪುತ್ತದೆಯಂತೆ. ಇದನ್ನು ಕೇಳಿಸಿಕೊಂಡ ಮಕ್ಕಳು ವರ್ಷವಿಡೀ ಓದಿದ್ದನ್ನು ಬದಿಗಿಟ್ಟು, ಕೈ ಎಲ್ಲಿಡಬೇಕು, ಎಷ್ಟು ನಗಬೇಕು ಎಂಬ ಚಿಂತೆಗೆ ಬೀಳುವುದನ್ನು ಅಧ್ಯಾಪಕಿಯಾಗಿ ನಾನು ನೋಡುತ್ತಲೇ ಬಂದಿದ್ದೇನೆ. ಈ ಅಂಕಿಗಳ ಮೂಲ ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರಾಬಿಯನ್ ಮತ್ತು ಸಂಗಡಿಗರು 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳು. ಅಲ್ಲಿ ಪಾಲ್ಗೊಂಡವರ ಮುಂದೆ ಇದ್ದದ್ದು ಬಿಡಿ ಪದಗಳ ಧ್ವನಿಮುದ್ರಣ ಮತ್ತು ಮುಖಗಳ ಛಾಯಾಚಿತ್ರಗಳು. ಹೇಳುತ್ತಿರುವವರಿಗೆ ಕೇಳುಗರ ಮೇಲೆ ಒಲವಿದೆಯೋ ಬೇಸರವಿದೆಯೋ ಎಂಬುದಷ್ಟನ್ನು ಅವರು ಊಹಿಸಬೇಕಿತ್ತು. ಭಾವನೆ ಮತ್ತು ಒಲವುಗಳನ್ನು ತಿಳಿಸುವ ಸಂದರ್ಭವನ್ನು ಬಿಟ್ಟು ಬೇರೆಲ್ಲೂ ಈ ಸೂತ್ರ ಸಲ್ಲದೆಂದು ಮೆಹ್ರಾಬಿಯನ್ ಅವರೇ ಹೇಳಿದ್ದಾರೆ. ಅರ್ಥಶಾಸ್ತ್ರದ ಪ್ರಶ್ನೆಯೊಂದಕ್ಕೆ ವಿದ್ಯಾರ್ಥಿನಿ ಕೊಡುವ ಉತ್ತರಕ್ಕೂ ಆ ಲೆಕ್ಕಕ್ಕೂ ಯಾವ ಸಂಬಂಧವೂ ಇಲ್ಲ.

ಸಂಬಂಧವಿದೆಯೆಂದು ನಂಬಿದಾಗ ಏನಾಗುತ್ತದೆ ಎಂಬುದು ನನ್ನನ್ನು ನೋಯಿಸುವ ಸಂಗತಿ. ಮೌಖಿಕ ಪರೀಕ್ಷೆಯೊಂದರಲ್ಲಿ ಹಳ್ಳಿಯಿಂದ ಬಂದ ಹುಡುಗಿಯೊಬ್ಬಳು ಕೇಳಿದ್ದಕ್ಕೆಲ್ಲ ಸರಿಯಾಗಿಯೇ ಉತ್ತರಿಸಿದಳು. ಆದರೆ ಉದ್ದಕ್ಕೂ ಅವಳ ನೋಟ ಮೇಜಿನ ಅಂಚಿನಲ್ಲಿತ್ತು. ಅವಳು ಹೊರಗೆ ಹೋದೊಡನೆ ಪರೀಕ್ಷಕರು, "ಬಾಯಿಪಾಠ ಮಾಡಿಕೊಂಡು ಬಂದಿದ್ದಾಳೆ, ಕಣ್ಣು ಕೊಟ್ಟು ಮಾತಾಡೋಕೇ ಆಗ್ತಿಲ್ಲ ನೋಡಿ" ಎಂದು ಅಂಕ ಇಳಿಸಿದರು. ಹಿರಿಯರು ಮಾತನಾಡಿಸಿದಾಗ ದಿಟ್ಟಿಸಿ ನೋಡುವುದು ಉದ್ಧಟತನವೆಂದು ಹೇಳಿಸಿಕೊಂಡೇ ಬೆಳೆದ ಮಕ್ಕಳು ನಮ್ಮ ತರಗತಿಗಳಲ್ಲಿ ತುಂಬಿದ್ದಾರೆ. ಹದಿನೆಂಟು ವರ್ಷ ಮನೆಯಲ್ಲಿ ವಿನಯವೆನಿಸಿಕೊಂಡ ನಡತೆ ಸಂದರ್ಶನದ ಕೋಣೆಯ ಹೊಸ್ತಿಲು ದಾಟಿದ ಕೂಡಲೇ ಅಪರಾಧವಾಗಿಬಿಡುತ್ತದೆ. ಆನ್‌ಲೈನ್ ಸಂದರ್ಶನಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. ಕ್ಯಾಮೆರಾ ಪರದೆಯ ಮೇಲಂಚಿನಲ್ಲಿರುವುದರಿಂದ, ಪರದೆಯಲ್ಲಿ ಕಾಣುವ ಮುಖವನ್ನೇ ಶ್ರದ್ಧೆಯಿಂದ ನೋಡುತ್ತ ಮಾತನಾಡುವವರೂ ಆ ಬದಿಯವರಿಗೆ ಕಣ್ಣು ತಗ್ಗಿಸಿದವರಂತೆ ಕಾಣುತ್ತಾರೆ.

ಕಣ್ಣು ತಪ್ಪಿಸುವವರು ಸುಳ್ಳು ಹೇಳುತ್ತಾರೆಂಬ ನಂಬಿಕೆ ನಮ್ಮಲ್ಲಿ ಮಾತ್ರವಲ್ಲ. 2006ರಲ್ಲಿ ಪ್ರಕಟವಾದ, 58 ದೇಶಗಳ ಜನರನ್ನು ಕೇಳಿ ಮಾಡಿದ ಅಧ್ಯಯನವೊಂದರಲ್ಲಿ ಸುಳ್ಳಿನ ಗುರುತೆಂದು ಅತಿ ಹೆಚ್ಚು ಜನ ಹೇಳಿದ್ದು ಇದನ್ನೇ. ಆದರೆ ಮನೋವಿಜ್ಞಾನಿ ಬೆಲ್ಲಾ ಡಿಪಾಲೊ ಮತ್ತು ಸಂಗಡಿಗರು ಸುಳ್ಳಿನ ಸುಳಿವುಗಳೆನ್ನಲಾದ 158 ಲಕ್ಷಣಗಳ ಕುರಿತ ಸಂಶೋಧನೆಗಳನ್ನು ಒಟ್ಟುಗೂಡಿಸಿ 2003ರಲ್ಲಿ ಪರಿಶೀಲಿಸಿದಾಗ, ನೋಟಕ್ಕೂ ಸುಳ್ಳಿಗೂ ಹೇಳಿಕೊಳ್ಳುವಂತಹ ನಂಟು ಕಂಡುಬರಲಿಲ್ಲ. ಮತ್ತೊಬ್ಬ ಮನೋವಿಜ್ಞಾನಿ ಚಾರ್ಲ್ಸ್ ಬಾಂಡ್ ಅವರೊಂದಿಗೆ 2006ರಲ್ಲಿ ಡಿಪಾಲೊ ನಡೆಸಿದ ಮತ್ತೊಂದು ಪರಿಶೀಲನೆಯಲ್ಲಿ, 24,000ಕ್ಕೂ ಹೆಚ್ಚು ಜನ ನೀಡಿದ ತೀರ್ಪುಗಳನ್ನು ಸೇರಿಸಿ ನೋಡಿದರೆ, ಯಾವುದು ಸುಳ್ಳು, ಯಾವುದು ನಿಜ ಎಂದು ಸರಿಯಾಗಿ ಗುರುತಿಸಿದ ಪ್ರಮಾಣ ಸರಾಸರಿ ಶೇ 54. ಕಣ್ಣು ಮುಚ್ಚಿ ಊಹಿಸಿದರೂ ಅರ್ಧದಷ್ಟು ಸರಿಯಾಗುತ್ತದೆ ಎಂಬುದನ್ನು ನೆನೆದರೆ, ಮುಖ ಓದುವ ಜಾಣ್ಮೆಯಿಂದ ಸಿಕ್ಕ ಲಾಭ ಎಷ್ಟು ಅಲ್ಪವೆಂದು ತಿಳಿಯುತ್ತದೆ.

ನಗುವಿನ ವಿಷಯವೂ ಹೀಗೆಯೇ. ಫ್ರೆಂಚ್ ವೈದ್ಯ ದ್ಯುಶೆನ್ ಮುಖದ ಸ್ನಾಯುಗಳಿಗೆ ವಿದ್ಯುತ್ ತಾಗಿಸಿ ನಡೆಸಿದ ಅಧ್ಯಯನವನ್ನು 1862ರಲ್ಲಿ ಪ್ರಕಟಿಸಿ, ತುಟಿಯ ಅಂಚನ್ನು ಮೇಲೆತ್ತುವ ಸ್ನಾಯು ನಮ್ಮ ಇಚ್ಛೆಗೆ ಬಗ್ಗುತ್ತದೆ, ಕಣ್ಣಿನ ಸುತ್ತಲಿನ ಸ್ನಾಯು ನಿಜವಾದ ಸಂತೋಷಕ್ಕೆ ಮಾತ್ರ ಬಗ್ಗುತ್ತದೆ ಎಂದು ವಾದಿಸಿದ. ಕಣ್ಣಂಚು ಸುಕ್ಕುಗಟ್ಟುವಂತೆ ಬೇಕೆಂದೇ ನಗಬಲ್ಲವರು ಬಹಳ ಮಂದಿ ಇದ್ದಾರೆಂದು ಈಚಿನ ಸಂಶೋಧನೆಗಳು ತೋರಿಸಿವೆ. ಮದುವೆಮನೆಯ ಬಾಗಿಲಲ್ಲಿ ದಿನವಿಡೀ ನಿಂತು ಬಂದವರನ್ನು ಸ್ವಾಗತಿಸಿದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಹಾಗೆಂದು ಮುಖ ನೋಡುವುದನ್ನೇ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಈ ವಿದ್ಯೆ ಎಷ್ಟು ಚೆನ್ನಾಗಿ ಕೆಲಸ ಮಾಡಬಲ್ಲದೆಂಬುದನ್ನು ಊಟದ ಪಂಕ್ತಿಯಲ್ಲಿ ನೋಡಬೇಕು. ಪಾಯಸದ ಪಾತ್ರೆ ಹಿಡಿದು ಬಂದವರ ಮುಂದೆ ಎಲ್ಲರೂ "ಸಾಕು ಸಾಕು" ಎನ್ನುತ್ತಾರೆ, ಎಲೆಗೆ ಕೈಯನ್ನೂ ಅಡ್ಡ ಹಿಡಿಯುತ್ತಾರೆ. ಅಂಗೈ ಎಲೆಯಿಂದ ಮೇಲೆ ಸಡಿಲವಾಗಿ ನಿಂತು ಮುಖ ಬಡಿಸುವವರ ಕಡೆಗೆ ತಿರುಗಿದ್ದರೆ ಆ "ಸಾಕು" ದಾಕ್ಷಿಣ್ಯದ್ದು. ಎರಡೂ ಕೈ ಎಲೆಯನ್ನು ಮುಚ್ಚಿ ಬೆನ್ನು ಮುಂದಕ್ಕೆ ಬಾಗಿದ್ದರೆ ಅದು ಹೊಟ್ಟೆ ತುಂಬಿದವರ "ಸಾಕು". ಅನುಭವವುಳ್ಳವರು ಇಷ್ಟನ್ನು ಕ್ಷಣಾರ್ಧದಲ್ಲಿ ಗ್ರಹಿಸುತ್ತಾರೆ, ಆದರೂ ತಮ್ಮ ಗ್ರಹಿಕೆಯನ್ನು ಪೂರ್ತಿ ನಂಬುವುದಿಲ್ಲ, "ಒಂದು ಸೌಟು ಹಾಕ್ಲಾ ಭಾವ?" ಎಂದು ಬಗ್ಗಿ ಮತ್ತೊಮ್ಮೆ ಕೇಳುತ್ತಾರೆ. ಬಡಿಸುವವರಿಗೂ ಉಣ್ಣುವವರಿಗೂ ಒಂದೇ ರೂಢಿ ಗೊತ್ತಿರುವುದು, ಕೇಳಿ ಖಚಿತಪಡಿಸಿಕೊಳ್ಳಲು ಅವಕಾಶವಿರುವುದು, ಊಹೆ ತಪ್ಪಿದರೂ ಯಾರಿಗೂ ಕೇಡಾಗದಿರುವುದು, ಇವು ಮೂರೂ ಅಲ್ಲಿವೆ. ಸಂದರ್ಶನದ ಕೋಣೆಯಲ್ಲಿ ಸಾಮಾನ್ಯವಾಗಿ ಇವುಗಳಲ್ಲಿ ಒಂದೂ ಇರುವುದಿಲ್ಲ.

ಒಮ್ಮೊಮ್ಮೆ ಒಳಗಿನ ಭಾವವನ್ನು ಹೊರಗೆ ತೋರಿಸುವ ಶಕ್ತಿಯೇ ಮುಖಕ್ಕೆ ಇಲ್ಲವಾಗುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಮುಖದ ಸ್ನಾಯುಗಳ ಚಲನೆ ಕುಗ್ಗಿ, ರೆಪ್ಪೆ ಬಡಿಯುವುದೂ ಕಡಿಮೆಯಾಗಿ, ಮುಖವಾಡ ತೊಟ್ಟಂತಹ ನೋಟ ಬರುವುದುಂಟು. ನಮ್ಮ ದೊಡ್ಡಪ್ಪನಿಗೆ ಈ ಕಾಯಿಲೆ ಬಂದ ಮೇಲೆ ನೆಂಟರು ಅವರನ್ನು ಮಾತನಾಡಿಸುವುದನ್ನು ಕಡಿಮೆ ಮಾಡಿದರು. ಯಾವ ಸುದ್ದಿ ಹೇಳಿದರೂ ಅವರ ಮುಖ ಅರಳುವುದಿಲ್ಲ, ಅವರಿಗೆ ಯಾವುದರಲ್ಲೂ ಆಸಕ್ತಿಯಿಲ್ಲ ಎಂದು ದೊಡ್ಡವರೆಲ್ಲ ತಾವೇ ತೀರ್ಮಾನಿಸಿಕೊಂಡಿದ್ದರು. ಕೇಳಿದ್ದು ಮೊಮ್ಮಗಳೊಬ್ಬಳೇ: "ತಾತಾ, ನನ್ ಮೇಲೆ ಸಿಟ್ಟಾ?" ಅವರು ನಿಧಾನವಾಗಿ, "ಇಲ್ಲ ಪುಟ್ಟಾ, ಕೇಳಿಸ್ಕೋತಾ ಇದೀನಿ, ಹೇಳು" ಎಂದರು. ಆಮೇಲೆ ಅವಳು ಶಾಲೆಯ ಕಥೆಗಳನ್ನೆಲ್ಲ ಅವರಿಗೆ ಒಪ್ಪಿಸುತ್ತಿದ್ದಳು. ಅವರು ನಡುವೆ ಕೇಳುತ್ತಿದ್ದ ಪ್ರಶ್ನೆಗಳಿಂದ, ಒಂದಕ್ಷರವೂ ಬಿಡದೆ ಆಲಿಸಿದ್ದಾರೆಂಬುದು ತಿಳಿಯುತ್ತಿತ್ತು.

ಎದುರಿನವರ ಮುಖ ಬಾಡಿದಾಗ, ಹುಬ್ಬು ಗಂಟಿಕ್ಕಿದಾಗ, ಗೋಣು ಅರೆಮನಸ್ಸಿನಿಂದ ಆಡಿದಾಗ ನನಗೆ ತಿಳಿಯುವುದು ಇಲ್ಲಿ ಏನೋ ಇದೆ ಎಂಬಷ್ಟೇ. ಅದು ಏನೆಂದು ಹೇಳಬೇಕಾದವರು ಅವರು. ಆದ್ದರಿಂದ ತರಗತಿಯ ಅಣಕು ಸಂದರ್ಶನಗಳಲ್ಲಿ ಯಾರಾದರೂ ತಲೆ ತಗ್ಗಿಸಿ ಉತ್ತರಿಸಿದರೆ, ಅದೇ ಪ್ರಶ್ನೆಯನ್ನು ಬೇರೆ ಉದಾಹರಣೆಯೊಂದಿಗೆ ಮತ್ತೆ ಕೇಳುತ್ತೇನೆ, ಬೇಕಿದ್ದರೆ "ಕನ್ನಡದಲ್ಲೇ ಹೇಳಮ್ಮ" ಎನ್ನುತ್ತೇನೆ. ಬಾಯಿಪಾಠ ಮಾಡಿದವರು ಅಲ್ಲಿ ನಿಂತುಬಿಡುತ್ತಾರೆ, ತಿಳಿದವರು ಮುಂದುವರಿಯುತ್ತಾರೆ. ಬರುವ ವರ್ಷದ ಅಂಕಪಟ್ಟಿಯಿಂದ ಕಣ್ಣಿನ ನೋಟಕ್ಕೆಂದು ಇರುವ ಸಾಲನ್ನು ತೆಗೆದು, ಆ ಅಂಕಗಳನ್ನು ಈ ಎರಡನೆಯ ಉತ್ತರಕ್ಕೆ ಕೊಡಬೇಕೆಂದು ಸಹೋದ್ಯೋಗಿಗಳನ್ನು ಕೇಳಿಕೊಂಡಿದ್ದೇನೆ.