ಆನ್‌ಲೈನ್ ಕೋರ್ಸ್ ಮಾಡಿದ್ರೆ ಆಸ್ಪತ್ರೆ ಇಂಟರ್‌ಪ್ರಿಟರ್ ಆಗಬಹುದಾ?

ನಾನು ಅಮೆರಿಕದ ಆಸ್ಪತ್ರೆಗಳಿಗೆ ಫೋನಿನಲ್ಲಿ, ವಿಡಿಯೊದಲ್ಲಿ ಕನ್ನಡ ಇಂಟರ್‌ಪ್ರಿಟರ್ ಕೆಲಸ ಮಾಡುತ್ತೇನೆ, ಅಂದರೆ ಡಾಕ್ಟರ್ ಮಾತನ್ನು ರೋಗಿಗೆ ಕನ್ನಡದಲ್ಲಿ, ರೋಗಿಯ ಮಾತನ್ನು ಡಾಕ್ಟರಿಗೆ ಇಂಗ್ಲಿಷ್‌ನಲ್ಲಿ ದಾಟಿಸುತ್ತೇನೆ. ಕನ್ನಡ ಕೂಟದ ಊಟದ ಸಾಲಿನಲ್ಲಿ ಈ ವಿಷಯ ಬಾಯಿಬಿಟ್ಟರೆ ಸಾಕು, ಪಕ್ಕದವರು ತಟ್ಟೆ ಹಿಡಿದುಕೊಂಡೇ ಕೇಳುತ್ತಾರೆ: "40 ಗಂಟೆ ಆನ್‌ಲೈನ್ ಕೋರ್ಸ್ ಮಾಡಿದ್ರೆ ಸರ್ಟಿಫೈಡ್ ಆಗ್ತಾರಂತೆ, ಹೌದಾ? ನಂಗೂ ಎರಡೂ ಭಾಷೆ ಬರತ್ತಲ್ಲ." ಪ್ರತಿಸಲ ಅರ್ಧಂಬರ್ಧ ಹೇಳಿ ಬರುತ್ತೇನೆ. ಪೂರ್ತಿ ಉತ್ತರ ಇಲ್ಲಿದೆ.

ಕೋರ್ಸ್ ಮಾಡಿ. ಆದರೆ ಕೋರ್ಸ್ ಮುಗಿದ ಮೇಲೆ ಬರುವ ಕಾಗದಕ್ಕೂ ಸರ್ಟಿಫಿಕೇಷನ್‌ಗೂ ಎಲ್ಎಲ್ಆರ್‌ಗೂ ಲೈಸೆನ್ಸ್‌ಗೂ ಇರುವಷ್ಟು ದೂರ ಇದೆ. ಆ ಕಾಗದ ಹೇಳುವುದು ಇಷ್ಟೇ: ಇವರು ಇಷ್ಟು ಗಂಟೆ ತರಬೇತಿಗೆ ಕೂತಿದ್ದರು. ಸರ್ಟಿಫಿಕೇಷನ್ ಕೊಡುವವರೇ ಬೇರೆ. ಆಸ್ಪತ್ರೆ ಇಂಟರ್‌ಪ್ರಿಟರ್‌ಗಳಿಗೆ ಅಂತ ಇಡೀ ದೇಶದ ಮಟ್ಟದಲ್ಲಿ ಎರಡು ಸಂಸ್ಥೆಗಳಿವೆ, ಒಂದು ಸಿಸಿಎಚ್‌ಐ, ಇನ್ನೊಂದು ಎನ್‌ಬಿಸಿಎಂಐ. ಎರಡೂ ಕೇಳುವುದು ಹೆಚ್ಚುಕಮ್ಮಿ ಒಂದೇ: 18 ವರ್ಷ ಆಗಿರಬೇಕು, ಹೈಸ್ಕೂಲ್ (ಅಮೆರಿಕದ ಲೆಕ್ಕದಲ್ಲಿ 12ನೇ ತರಗತಿ) ಮುಗಿದಿರಬೇಕು, ಎರಡೂ ಭಾಷೆ ಬರುತ್ತದೆ ಅನ್ನುವುದಕ್ಕೆ ದಾಖಲೆ ಬೇಕು, ಕನಿಷ್ಠ 40 ಗಂಟೆ ತರಬೇತಿ ಆಗಿರಬೇಕು. ಇಷ್ಟಿದ್ದರೆ ಪರೀಕ್ಷೆಗೆ ಕೂರಬಹುದು. ಅಂದರೆ ಎಲ್ಲರೂ ಕೇಳುವ ಆ 40 ಗಂಟೆ ಪರೀಕ್ಷಾ ಹಾಲಿನ ಬಾಗಿಲವರೆಗೆ ಮಾತ್ರ. ಆರೆಗಾನ್‌ನಂಥ ರಾಜ್ಯದಲ್ಲಿ ಅದೂ ಸಾಲದು, ಅಲ್ಲಿ 60 ಗಂಟೆ ಕೇಳುತ್ತಾರೆ.

ಸಿಸಿಎಚ್‌ಐಯ ಲಿಖಿತ ಪರೀಕ್ಷೆಗೆ ಕೋರ್‌ಸಿಎಚ್‌ಐ ಅಂತ ಹೆಸರು. 100 ಪ್ರಶ್ನೆ, ಎರಡು ಗಂಟೆ, ಎಲ್ಲಾ ಇಂಗ್ಲಿಷ್‌ನಲ್ಲೇ. ನೀತಿ ನಿಯಮ, ವೈದ್ಯಕೀಯ ಪದಗಳು, ಇಂಥ ಪರಿಸ್ಥಿತಿಯಲ್ಲಿ ಇಂಟರ್‌ಪ್ರಿಟರ್ ಏನು ಮಾಡಬೇಕು ಅನ್ನುವಂಥ ಪ್ರಶ್ನೆಗಳು. ಇದಾದ ಮೇಲೆ ಸ್ಪ್ಯಾನಿಷ್, ಅರೇಬಿಕ್, ಮ್ಯಾಂಡರಿನ್‌ನವರಿಗೆ ಅವರವರ ಭಾಷೆಯಲ್ಲೇ ಮೌಖಿಕ ಪರೀಕ್ಷೆ ಇದೆ. ಎನ್‌ಬಿಸಿಎಂಐ ಪಟ್ಟಿಯಲ್ಲಿ ರಷ್ಯನ್, ಕೊರಿಯನ್, ವಿಯೆಟ್ನಾಮೀಸ್ ಕೂಡ ಸಿಗುತ್ತವೆ. ಕನ್ನಡ ಎರಡರಲ್ಲೂ ಇಲ್ಲ. ಪರೀಕ್ಷೆಗೆ ಕೂರುವವರೇ ಕಡಿಮೆ ಇರುವ ಭಾಷೆಗೆ ಯಾರು ಅದನ್ನು ತಯಾರು ಮಾಡುತ್ತಾರೆ ಹೇಳಿ! ನಮ್ಮಂಥವರಿಗೆ ಲಿಖಿತ ಪರೀಕ್ಷೆ ಇದೆ. ಇನ್ನೂ ಮುಂದೆ ಹೋಗಬೇಕು ಅಂದರೆ, ಇಂಗ್ಲಿಷ್‌ನಲ್ಲಿ ಕೇಳಿ ಇಂಗ್ಲಿಷ್‌ನಲ್ಲೇ ಹೇಳುವ ಒಂದು ಪರೀಕ್ಷೆಯೂ ಇದೆ. ನೆನಪಿನ ಶಕ್ತಿ, ಗ್ರಹಿಕೆ, ಅರ್ಥ ಕೆಡದ ಹಾಗೆ ಬೇರೆ ಮಾತಿನಲ್ಲಿ ಹೇಳುವುದು, ಇವನ್ನು ಅದರಲ್ಲಿ ನೋಡುತ್ತಾರೆ.

ಹಾಗಾದರೆ ನಿಮ್ಮ ಕನ್ನಡವನ್ನು ಯಾರು ಪರೀಕ್ಷೆ ಮಾಡುತ್ತಾರೆ? ಅರ್ಜಿ ಹಾಕುವಾಗ ದಾಖಲೆ ತೋರಿಸಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಲ್ಲೊಂದು ಅನುಕೂಲ ಇದೆ, ಆ ಓದಿನ ದಾಖಲೆಯೇ ಭಾಷೆಗೆ ಸಾಕ್ಷಿ ಆಗುತ್ತದೆ. ಊರಿನ ಸರ್ಕಾರಿ ಶಾಲೆಯ ಅಂಕಪಟ್ಟಿ ಅಮೆರಿಕದಲ್ಲಿ ಉಪಯೋಗಕ್ಕೆ ಬರುವ ಅಪರೂಪದ ಜಾಗ ಇದು, ಟ್ರಂಕಿನಿಂದ ಹುಡುಕಿ ತೆಗೆದಿಡಿ.

"ಸರ್ಟಿಫಿಕೇಷನ್ ಇಲ್ಲದೆ ಕೆಲಸ ಮಾಡೋಕಾಗಲ್ವಾ?" ಅಂದರೆ, ಆಗುತ್ತದೆ. ಅಮೆರಿಕದ ಕೇಂದ್ರ ಸರ್ಕಾರದ ದುಡ್ಡು ಪಡೆಯುವ ಆಸ್ಪತ್ರೆ ಭಾಷೆಯ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು ಅನ್ನುವುದು 1964ರ ನಾಗರಿಕ ಹಕ್ಕುಗಳ ಕಾಯ್ದೆಯಿಂದ ಬಂದದ್ದು. 2010ರ ಆರೋಗ್ಯ ಕಾಯ್ದೆಯ 1557ನೇ ಸೆಕ್ಷನ್ ಅದನ್ನು ಇನ್ನೂ ಗಟ್ಟಿ ಮಾಡಿತು: ಇಂಟರ್‌ಪ್ರಿಟರ್ ಅರ್ಹರಾಗಿರಬೇಕು, ರೋಗಿಯ ಹತ್ತಿರ ಕಾಸು ಕೇಳಬಾರದು, ತುರ್ತು ಬಿಟ್ಟರೆ ಮನೆಯ ಚಿಕ್ಕ ಮಕ್ಕಳ ಕೈಲಿ ಇಂಟರ್‌ಪ್ರಿಟ್ ಮಾಡಿಸಬಾರದು. ಈ ಕಾನೂನು ಕೇಳುವುದು ಅರ್ಹತೆಯನ್ನು, ಸರ್ಟಿಫಿಕೇಷನ್ ಅನ್ನಲ್ಲ. ಅದಕ್ಕೇ ಎಷ್ಟೋ ಕಂಪನಿಗಳು 40 ಗಂಟೆ ತರಬೇತಿ ಮತ್ತು ತಮ್ಮದೇ ಒಂದು ಭಾಷಾ ಪರೀಕ್ಷೆ ಇಟ್ಟುಕೊಂಡು ಕನ್ನಡದವರನ್ನು ತಗೊಳ್ಳುತ್ತವೆ.

ಇನ್ನು ಕೋರ್ಸ್ ಒಳಗೆ ಏನಿರುತ್ತದೆ? ಒಂದಷ್ಟು ಅಂಗರಚನೆ, ಒಂದಷ್ಟು ಪದಗಳು, ರೋಗಿಯ ಗುಟ್ಟು ಕಾಪಾಡುವ ಹಿಪಾ ಕಾನೂನು, ನೋಟ್ಸ್ ಬರೆಯುವ ಬಗೆ. ನೋಟ್ಸ್ ಅಂದರೆ ಪೂರ್ತಿ ವಾಕ್ಯ ಅಲ್ಲ. ಮಾತ್ರೆ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಎಷ್ಟು ದಿನ, ಅಷ್ಟೇ. ಕರೆ ಮುಗಿದ ಮೇಲೆ ಆ ಹಾಳೆ ಹರಿದು ಹಾಕಬೇಕು.

ಪದಗಳನ್ನು ಯಾರು ಬೇಕಾದರೂ ಕಲಿಯುತ್ತಾರೆ. ನಮ್ಮವರು ಒದ್ದಾಡುವುದು ಬೇರೆ ಕಡೆ. ಕಲಿಯಲು ಬಂದ ಗೆಳತಿಯರ ಜೊತೆ ನಾನು ಒಂದು ಆಟ ಆಡಿಸುತ್ತೇನೆ. ನಾನೇ ಅಜ್ಜಿ, ನಾನೇ ಡಾಕ್ಟರ್. ಡಾಕ್ಟರ್ ಇಂಗ್ಲಿಷ್‌ನಲ್ಲಿ ಕೇಳುತ್ತಾರೆ, ಶುಗರ್ ಮಾತ್ರೆ ದಿನಾ ತಗೊಳ್ಳುತ್ತೀರಾ ಅಂತ. ಅಜ್ಜಿ ಶುರು ಮಾಡುತ್ತಾರೆ:

"ತೊಗೋತೀನಮ್ಮ, ದಿನಾ ತೊಗೋತೀನಿ. ಏಕಾದಶಿ ದಿನ ಮಾತ್ರ ಬೆಳಗ್ಗೇನೇ ನುಂಗಿಬಿಡ್ತೀನಿ, ಆಮೇಲೆ ಏನೂ ತಿನ್ನಲ್ಲ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಕತ್ತಲೆ ಬರತ್ತೆ, ಮೈಯೆಲ್ಲಾ ಬೆವರತ್ತೆ. ನಮ್ಮನೆಯವರು ಇದ್ದಾಗಿಂದಲೂ ಉಪವಾಸ ಬಿಟ್ಟಿಲ್ಲ ನಾನು. ಸೊಸೆ ಬೈತಾಳೆ, ಪಾಪ. ಮೆಂತ್ಯದ ನೀರು ಬೇರೆ ಕುಡೀತೀನಿ."

ಹೊಸಬರು ಸಾಮಾನ್ಯವಾಗಿ ಡಾಕ್ಟರಿಗೆ ಹೇಳುವುದು: "ಹೌದು, ದಿನಾ ತಗೊಳ್ಳುತ್ತಾರೆ." ಯಾಕೆ ಅಂತ ಕೇಳಿದರೆ, "ಪ್ರಶ್ನೆಗೆ ಉತ್ತರ ಅದೇ ತಾನೇ? ಮಿಕ್ಕಿದ್ದು ಮನೆ ವಿಷಯ." ಆದರೆ ಡಾಕ್ಟರಿಗೆ ಬೇಕಾದದ್ದೆಲ್ಲ ಆ ಮನೆ ವಿಷಯದಲ್ಲೇ ಇದೆ. ಹೊಟ್ಟೆಗೆ ಏನೂ ಇಲ್ಲದೆ ಮಾತ್ರೆ, ಆಮೇಲೆ ಬೆವರು, ಕಣ್ಣು ಕತ್ತಲೆ. ಶುಗರ್ ಇಳಿದುಹೋಗುತ್ತಿರಬಹುದು ಅನ್ನುವ ಅನುಮಾನ ಯಾವ ಡಾಕ್ಟರಿಗೂ ಬರುತ್ತದೆ, ಮಾತು ಅವರ ಕಿವಿಗೆ ಬಿದ್ದರೆ. ಯಾವುದು ಮುಖ್ಯ, ಯಾವುದು ಅಲ್ಲ ಅಂತ ಆರಿಸುವ ಕೆಲಸ ನಮ್ಮದಲ್ಲ. ಸೊಸೆ ಬೈಯುವುದೂ ಸೇರಿ ಎಲ್ಲವನ್ನೂ ದಾಟಿಸಬೇಕು.

ಇದರ ಉಲ್ಟಾನೂ ಇದೆ. ಡಾಕ್ಟರ್ ಎರಡು ವಾಕ್ಯ ಹೇಳಿದರೆ ನಾವು ಐದು ಹೇಳುತ್ತೇವೆ. "ಅಜ್ಜಿ, ಹೆದರ್ಬೇಡಿ, ನಮ್ಮತ್ತೆಗೂ ಹೀಗೇ ಆಗಿತ್ತು" ಅಂತ ಒಂದು ಒಗ್ಗರಣೆ. ಹಿರಿಯರನ್ನು ಕಂಡರೆ ಸಹಾಯ ಮಾಡದೆ ಇರೋಕಾಗಲ್ಲ ನಮಗೆ. ಇಂಗ್ಲಿಷ್ ಚೆನ್ನಾಗಿರುವವರು, ತಿಳಿವಳಿಕೆ ಇರುವವರು ಇದನ್ನು ಜಾಸ್ತಿ ಮಾಡುತ್ತಾರೆ ಅನ್ನುವುದು ನನ್ನ ಅನುಭವ. ಮನೆಯಲ್ಲಿ ಅಪ್ಪ ಅಮ್ಮನ ಪರವಾಗಿ ಮಾತಾಡಿ ಅಭ್ಯಾಸ ಆದವರಿಗಂತೂ ಈ ಚಾಳಿ ಬಿಡಿಸುವುದು ಕಷ್ಟ. ಒಳ್ಳೆಯ ಕೋರ್ಸ್‌ನ ಅರ್ಧ ಸಮಯ ಹೋಗುವುದು ಇದನ್ನು ತಿದ್ದುವುದಕ್ಕೇ.

ರೋಗಿ "ನಂಗೆ ನೋವು" ಅಂದರೆ ಇಂಗ್ಲಿಷ್‌ನಲ್ಲೂ "ನನಗೆ ನೋವು" ಅನ್ನಬೇಕು, "ಅವರಿಗೆ ನೋವಂತೆ" ಅನ್ನುವ ಹಾಗಿಲ್ಲ. ನಮ್ಮ ಸ್ವಂತ ಮಾತು ಬಂದಾಗ ಮಾತ್ರ "ಇಂಟರ್‌ಪ್ರಿಟರ್‌ಗೆ ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಬೇಕಂತೆ" ಅಂತ ನಮ್ಮನ್ನೇ ಮೂರನೆಯವರ ಹಾಗೆ ಕರೆದುಕೊಳ್ಳಬೇಕು. ಮೊದಮೊದಲು ನಗು ಬರುತ್ತದೆ. ಕನ್ನಡ ಕೇಳಿದ ಖುಷಿಗೆ ಹಿರಿಯರು "ನಿಮ್ದು ಯಾವೂರಮ್ಮ?" ಅಂತ ಕೇಳುವುದು ಸಾಮಾನ್ಯ. ಅದನ್ನೂ ಡಾಕ್ಟರಿಗೆ ಹೇಳಬೇಕು, ರೋಗಿ ಇಂಟರ್‌ಪ್ರಿಟರ್‌ನ ಊರು ಕೇಳುತ್ತಿದ್ದಾರೆ ಅಂತ.

ಕೋರ್ಸ್ ಆರಿಸುವಾಗ ಎಲ್ಲಕ್ಕಿಂತ ಮೊದಲು ನೋಡಿ, ಟೀಚರ್ ಜೊತೆ ನೇರವಾಗಿ ಮಾತಾಡುವ ಲೈವ್ ತರಗತಿ ಇದೆಯಾ ಅಂತ. ಬರೀ ರೆಕಾರ್ಡ್ ಮಾಡಿದ ವಿಡಿಯೊ ನೋಡಿ ಕ್ವಿಜ್ ಬರೆದರೂ ಗಂಟೆ ತುಂಬುತ್ತದೆ, ಅದು ಅಗ್ಗವೂ ಹೌದು. ನಾನಾದರೆ ಸೇರುವುದಿಲ್ಲ. ಮಧ್ಯೆ ತಡೆದು "ಈ ಮಾತು ಬಿಟ್ಟುಹೋಯಿತು" ಅಂತ ಹೇಳುವ ಮನುಷ್ಯರು ಬೇಕು. ಲೈವ್ ತರಗತಿಯಲ್ಲೂ ಕನ್ನಡದವರು ನೀವೊಬ್ಬರೇ ಇರುತ್ತೀರಿ ಅಂತಲೇ ಇಟ್ಟುಕೊಳ್ಳಿ. ಜೋಡಿ ಅಭ್ಯಾಸಕ್ಕೆ ಸಿಗುವವರು ಪೋರ್ಚುಗೀಸ್‌ನವರೋ ಸೊಮಾಲಿಯವರೋ ಇರಬಹುದು. ಅವರ ಜೊತೆ ನಿಯಮ ಕಲಿಯಬಹುದು, ಕನ್ನಡ ಕಲಿಯೋಕಾಗಲ್ಲ. ಅದಕ್ಕೆ ಊರಿನಲ್ಲಿರುವ ದೊಡ್ಡಮ್ಮನಿಗೋ ಮಾವನಿಗೋ ಫೋನ್ ಮಾಡಿ, ಮಂಡಿನೋವಿನ ಕಥೆ ಬಿಡಿಸಿ ಕೇಳಿ. ಧಾರವಾಡದವರು, ಕುಂದಾಪುರದವರು, ಮಂಡ್ಯದವರು, ಎಲ್ಲರ ಮಾತೂ ಕಿವಿಗೆ ಬೀಳಲಿ. ಕರೆ ಯಾವ ಊರಿನವರದ್ದು ಅಂತ ಮೊದಲೇ ಯಾರೂ ಹೇಳುವುದಿಲ್ಲ.

ದುಡ್ಡಿನ ವಿಷಯ. ಫೋನ್ ಕೆಲಸದಲ್ಲಿ ನಿಮಿಷಕ್ಕೆ ಇಷ್ಟು ಅಂತ ಲೆಕ್ಕ, ಹೆಚ್ಚಿನವರು ಕಾಂಟ್ರಾಕ್ಟರ್‌ಗಳು. ಕನ್ನಡಕ್ಕೆ ಕರೆ ಕಡಿಮೆ. ಮಕ್ಕಳ ಹತ್ತಿರ ಬಂದಿರುವ ಅಪ್ಪ ಅಮ್ಮಂದಿರೇ ಜಾಸ್ತಿ. ಒಂದು ದಿನ ಬಿಡುವಿಲ್ಲ, ಮರುದಿನ ಫೋನ್ ಬಾಯೇ ಬಿಡುವುದಿಲ್ಲ. ಇದನ್ನೇ ನಂಬಿಕೊಂಡು ಮನೆ ನಡೆಸುತ್ತೇನೆ ಅನ್ನುವವರಿಗೆ ನಾನು ಬೇಡ ಅಂತಲೇ ಹೇಳುವುದು. ಹಿಂದಿಯೋ ತೆಲುಗೋ ತಮಿಳೋ ಚೆನ್ನಾಗಿ ಬಂದರೆ ಅದನ್ನೂ ಸೇರಿಸಿಕೊಳ್ಳಿ, ಸಿನಿಮಾ ನೋಡಿ ಕಲಿತಷ್ಟು ಮಾತ್ರ ಸಾಲದು. ಕೋರ್ಟಿನ ಕೆಲಸದ ದಾರಿಯೇ ಬೇರೆ, ಅಲ್ಲಿ ಫೆಡರಲ್, ಅಂದರೆ ಕೇಂದ್ರ ಮಟ್ಟದ, ಸರ್ಟಿಫಿಕೇಷನ್ ಪರೀಕ್ಷೆ ಈಗ ಸ್ಪ್ಯಾನಿಷ್‌ಗೆ ಮಾತ್ರ ಇರುವುದು.

ಎಚ್4 ವೀಸಾದಲ್ಲಿರುವವರು, ಅಂದರೆ ಎಚ್1ಬಿ ಕೆಲಸದ ವೀಸಾದವರ ಗಂಡ ಅಥವಾ ಹೆಂಡತಿಯಾಗಿ ಬಂದವರು, ಗಮನಿಸಿ. ಕೋರ್ಸ್ ಮಾಡುವುದಕ್ಕೆ, ಪರೀಕ್ಷೆ ಬರೆಯುವುದಕ್ಕೆ ತೊಂದರೆ ಇಲ್ಲ. ಸಂಬಳ ತಗೊಳ್ಳಬೇಕು ಅಂದರೆ ಕೆಲಸದ ಪರವಾನಗಿ, ಅಂದರೆ ಇಎಡಿ, ಕೈಯಲ್ಲಿರಬೇಕು. "ಮನೆಯಿಂದಲೇ ತಾನೇ, ಬರೀ ಫೋನು" ಅನ್ನುವ ಸಮಾಧಾನ ನಡೆಯುವುದಿಲ್ಲ. ಬೆಂಗಳೂರು, ಮೈಸೂರಿನಲ್ಲಿ ಕೂತು ಮಾಡಬಹುದಾ ಅಂತಲೂ ಕೇಳುತ್ತಾರೆ. ಕೆಲವು ಕಂಪನಿಗಳು ತಗೊಳ್ಳುತ್ತವೆ. ಅಮೆರಿಕದ ಒಳಗೇ ಇರುವವರು ಬೇಕು ಅನ್ನುವ ಒಪ್ಪಂದಗಳೂ ಇವೆ. ಅಲ್ಲಿಂದ ಮಾಡುವವರಿಗೆ ರಾತ್ರಿ ನಿದ್ದೆ ಇಲ್ಲ, ಅದು ಗೊತ್ತಿರಲಿ.

ಯಾವುದಕ್ಕೂ ಫೀಸ್ ಕಟ್ಟುವ ಮೊದಲು ಒಂದು ಕೆಲಸ ಮಾಡಿ. ಇಂಗ್ಲಿಷ್‌ನಲ್ಲಿ ಯಾವುದಾದರೂ ಡಾಕ್ಟರ್ ಮಾತಾಡಿರುವ ವಿಡಿಯೊ ಹಾಕಿ, ಅರ್ಧ ನಿಮಿಷಕ್ಕೆ ನಿಲ್ಲಿಸಿ, ಕೇಳಿದ್ದನ್ನೆಲ್ಲ ಕನ್ನಡದಲ್ಲಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿ. ಏನು ಬಿಟ್ಟಿರಿ, ಏನು ಸೇರಿಸಿದಿರಿ, ಎರಡನ್ನೂ ಬರೆದುಕೊಳ್ಳಿ. ವಾರ ಹತ್ತು ದಿನ ಹೀಗೆ ಮಾಡಿದ ಮೇಲೂ ಆಸಕ್ತಿ ಉಳಿದಿದ್ದರೆ ಕೋರ್ಸ್‌ಗೆ ಸೇರಿ.