ದೋಷ ಯಾವುದು, ಗುಣ ಯಾವುದು: ಬಳ್ಳಾರಿ ಬಿಸಿಲಲ್ಲಿ ಸಿಂಥ್ ರಿಪೇರಿ

ಬಳ್ಳಾರಿಯಲ್ಲಿ ಕೀಬೋರ್ಡ್, ಆಂಪ್ಲಿಫೈಯರ್, ಮಿಕ್ಸರ್ ರಿಪೇರಿ ಮಾಡುವುದು ನನ್ನ ಕೆಲಸ. ಟೇಬಲ್ ಮೇಲೆ ಬರುವುದು ಹೆಚ್ಚಾಗಿ ಯಮಹಾ ಪಿಎಸ್‌ಆರ್, ಕ್ಯಾಸಿಯೋ, ರೋಲ್ಯಾಂಡ್ ಎಕ್ಸ್‌ಪಿಎಸ್-10. ಆರ್ಕೆಸ್ಟ್ರಾದವರು, ಭಜನಾ ಮಂಡಳಿಯವರು, ಚರ್ಚಿನವರು, ನಾಟಕದವರು ತರುತ್ತಾರೆ. ಕೊಪ್ಪಳದ ಗವಿಮಠದ ಜಾತ್ರೆ ಹತ್ತಿರ ಬಂತೆಂದರೆ ಆ ಕಡೆಯಿಂದ ಬರುವವರು ಜಾಸ್ತಿ. ಇವುಗಳ ಕಾಯಿಲೆ ಗೊತ್ತಿರುವಂಥದ್ದೇ. ಕೀ ಕೆಳಗಿನ ರಬ್ಬರ್ ಸವೆದಿರುತ್ತದೆ, ಅಡಾಪ್ಟರ್ ಸಾಕೆಟ್ ಸಡಿಲ ಆಗಿರುತ್ತದೆ, ಇಲ್ಲವೇ ಯಾರೋ ಟೀ ಚೆಲ್ಲಿರುತ್ತಾರೆ. ಕೆಟ್ಟಿದ್ದು ಕಣ್ಣಿಗೆ ಕಾಣುತ್ತದೆ. ಬದಲಾಯಿಸಿದರೆ ಕೆಲಸ ಮುಗಿಯಿತು.

ಅಪರೂಪಕ್ಕೆ ಅನಲಾಗ್ ಸಿಂಥ್, ಅಂದರೆ ಶಬ್ದವನ್ನು ಸರ್ಕ್ಯೂಟ್ ಒಳಗೇ ಹುಟ್ಟಿಸುವ ಸಿಂಥಸೈಜರ್, ಬರುತ್ತದೆ. ಕೆಲವೊಮ್ಮೆ ಮುಂಬೈಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡು ತಂದ ಹಳೆಯದು, ಕೆಲವೊಮ್ಮೆ ಈಗಿನ ಕೋರ್ಗ್ ಮಿನಿಲಾಗ್ ಥರದ್ದು. ಇವುಗಳ ರಿಪೇರಿ ಬೇರೆಯೇ ಲೆಕ್ಕ. ಇಲ್ಲಿ ಕೆಟ್ಟಿರುವುದು ಯಾವುದು, ಅದು ಇರುವುದೇ ಹಾಗೆ ಅನ್ನುವುದು ಯಾವುದು ಅಂತ ಮೊದಲು ಬಿಡಿಸಿಕೊಳ್ಳಬೇಕು. ಸ್ಕ್ರೂಡ್ರೈವರ್ ಆಮೇಲೆ. ಎಷ್ಟೋ ಒಳ್ಳೆಯ ವಾದ್ಯಗಳು ಸುಮ್ನೆ ಅತಿಯಾಗಿ ಸರಿ ಮಾಡಿಸಿಕೊಂಡು ಜೀವ ಕಳೆದುಕೊಂಡಿವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಾಮೂಲಿ ಕೀಬೋರ್ಡಿನಲ್ಲಿ ಶಬ್ದ ಮೊದಲೇ ರೆಕಾರ್ಡ್ ಆಗಿ ಚಿಪ್ಪಿನಲ್ಲಿ ಕೂತಿರುತ್ತದೆ. ಅನಲಾಗ್‌ನಲ್ಲಿ ಹಾಗಲ್ಲ. ಕೀ ಒತ್ತಿದಾಗ ಒಂದು ವೋಲ್ಟೇಜ್ ಹೊರಡುತ್ತದೆ. ಆ ವೋಲ್ಟೇಜ್ ಎಷ್ಟೋ ಅದಕ್ಕೆ ತಕ್ಕ ಸ್ವರವನ್ನು ಆಸಿಲೇಟರ್ ಅನ್ನುವ ಸರ್ಕ್ಯೂಟ್ ಆ ಕ್ಷಣಕ್ಕೆ ಹುಟ್ಟಿಸುತ್ತದೆ. ಅಮೆರಿಕದ ರಾಬರ್ಟ್ ಮೋಗ್ 1964ರಲ್ಲಿ ತಮ್ಮ ಮೊದಲ ಮಾದರಿ ಕಟ್ಟಿದ್ದು ಈ ವೋಲ್ಟೇಜ್ ಹಿಡಿತದ ಮೇಲೆಯೇ. ಒಂದು ವೋಲ್ಟ್ ಏರಿದರೆ ಒಂದು ಸಪ್ತಕ ಏರುತ್ತದೆ. ಮುಂದೆ ಬಂದ ಬಹಳಷ್ಟು ಸಿಂಥ್‌ಗಳು ಇದೇ ಅಳತೆ ಹಿಡಿದವು.

1970ರಲ್ಲಿ ಬಂದ ಮಿನಿಮೋಗ್‌ನಲ್ಲಿ ಮೂರು ಆಸಿಲೇಟರ್ ಇವೆ. ಮೂರನ್ನೂ ಒಂದೇ ಸ್ವರಕ್ಕೆ ಕೂಡಿಸಿದರೂ ಕೂದಲೆಳೆಯಷ್ಟು ವ್ಯತ್ಯಾಸ ಉಳಿದೇ ಉಳಿಯುತ್ತದೆ. ಒಂದು 440 ಹರ್ಟ್ಝ್, ಇನ್ನೊಂದು 441 ಇದ್ದರೆ ಸೆಕೆಂಡಿಗೆ ಒಂದು ಸಲ ಶಬ್ದ ಉಬ್ಬಿ ಇಳಿಯುತ್ತದೆ. ನಮ್ಮ ನಾಟಕದ ಪೇಟಿ ಮಾಸ್ತರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡು ಸಾಲು ರೀಡ್ ಇರುವ ಪೇಟಿಯಲ್ಲಿ ಎರಡೂ ಸಾಲು ತೀರಾ ಒಂದೇ ಆಗಿಬಿಟ್ಟರೆ ನಾದ ಸಪ್ಪೆ. ಚೂರೇ ಚೂರು ಹೆಚ್ಚುಕಡಿಮೆ ಇದ್ದರೆ ನಾದ ತುಂಬಿಕೊಳ್ಳುತ್ತದೆ. ಜನ 'ಬೆಚ್ಚಗಿನ ಶಬ್ದ' ಅನ್ನುವುದರಲ್ಲಿ ಅರ್ಧ ಪಾಲು ಇದೇ.

ಇನ್ನರ್ಧ ಫಿಲ್ಟರ್‌ನದು. ಆಸಿಲೇಟರ್‌ನಿಂದ ಬರುವ ಶಬ್ದ ತುಂಬಾ ಒರಟು, ಅದರ ಮೇಲಿನ ಉಪಸ್ವರಗಳನ್ನು ಕತ್ತರಿಸಿ ನಯ ಮಾಡುವುದು ಫಿಲ್ಟರ್. ಚೌಕದ ಅಲೆ ಹಾಕಿ ಫಿಲ್ಟರ್ ಸ್ವಲ್ಪ ಮುಚ್ಚಿ ನೋಡಿ, ಕ್ಲಾರಿಯೋನೆಟ್‌ನ ಕೆಳ ಸ್ವರಗಳಿಗೆ ಹತ್ತಿರ ಬರುತ್ತದೆ. ಎರಡರಲ್ಲೂ ಒಂದು, ಮೂರು, ಐದು ಹೀಗೆ ಬೆಸ ಸಂಖ್ಯೆಯ ಉಪಸ್ವರಗಳೇ ಜೋರು. ರಾಯಚೂರಿನ ಪಂಡಿತ್ ನರಸಿಂಹಲು ವಡವಾಟಿ ಅವರ ಕ್ಲಾರಿಯೋನೆಟ್ ಕೇಳಿ ಬೆಳೆದ ಕಿವಿಗೆ ಇದು ತಕ್ಷಣ ಗೊತ್ತಾಗುತ್ತದೆ. ಮೋಗ್ ಫಿಲ್ಟರ್ ಸಪ್ತಕಕ್ಕೆ 24 ಡೆಸಿಬಲ್‌ನಂತೆ ಮೇಲಿನದ್ದನ್ನು ಕತ್ತರಿಸುತ್ತದೆ. ಒಳಗೆ ಸಿಗ್ನಲ್ ಜಾಸ್ತಿ ನೂಕಿದರೆ ಟ್ರಾನ್ಸಿಸ್ಟರ್‌ಗಳಿಗೆ ತಡೆಯಲಾಗದೆ ಅಲೆಯ ತುದಿ ದುಂಡಗಾಗುತ್ತದೆ. ಪುಸ್ತಕದ ಪ್ರಕಾರ ಅದು ಡಿಸ್ಟಾರ್ಷನ್. ಕಿವಿಗೆ ಅದೇ ರುಚಿ. ಎಲ್ಲಿಂದ ಕತ್ತರಿಸಬೇಕು ಅನ್ನುವುದನ್ನು ಹಿಡಿಯುವ ಕಟಾಫ್ ನಾಬ್ ತಿರುಗಿಸಿದರೆ ಶಬ್ದ ಎಳೆ ಕಡಿಯದೆ ಜಾರುತ್ತದೆ. ಮಿಡಿ (ವಾದ್ಯಗಳಿಗೆ ಅಂಕಿಗಳಲ್ಲಿ ಸೂಚನೆ ಕಳಿಸುವ ಪದ್ಧತಿ) ಮೂಲಕ ತಿರುಗಿಸುವಾಗ ಸಾಮಾನ್ಯವಾಗಿ 128 ಮೆಟ್ಟಿಲು ಮಾತ್ರ, ಕೆಲವು ಕೀಬೋರ್ಡುಗಳಲ್ಲಿ ಆ ಮೆಟ್ಟಿಲು ಕೇಳಿಸಿಯೇಬಿಡುತ್ತದೆ.

ಈಗ ನಮ್ಮೂರಿನ ವಿಷಯಕ್ಕೆ ಬರೋಣ. ಬಿಸಿಲು.

ಒಬ್ಬ ಇಂಜಿನಿಯರಿಂಗ್ ಹುಡುಗ ಕಿಟ್ ತರಿಸಿ ತಾನೇ ಸೋಲ್ಡರ್ ಮಾಡಿದ ಎರಡು ಆಸಿಲೇಟರ್ ಬೋರ್ಡ್ ತಂದಿದ್ದ. ಕೊಪ್ಪಳ ಕಡೆಯವನು.

"ಸರ್, ರಾತ್ರಿ ಹಾಸ್ಟೆಲ್‌ನಾಗ ಟ್ಯೂನ್ ಮಾಡಿದ್ರ ಸರಿ ಇರ್ತೈತ್ರಿ. ಮಧ್ಯಾಹ್ನ ಹಚ್ಚಿದ್ರ ಮ್ಯಾಲಿನ ಸ ಇಳಿದಿರ್ತೈತಿ."

"ಕೆಳಗಿನ ಸ ಹೆಂಗೈತೆ ತಮ್ಮಾ?"

"ಅದು ನಾಬ್ ತಿರುವಿದ್ರ ಕೂಡ್ತೈತ್ರಿ. ಅದನ್ನ ಕೂಡಿಸಿದ್ರ ಮ್ಯಾಲಿಂದು ಕೂಡವಲ್ದು."

ಅರ್ಧ ರಿಪೇರಿ ಈ ಮಾತಲ್ಲೇ ಇತ್ತು. ಎಲ್ಲ ಸ್ವರವೂ ಒಟ್ಟಿಗೆ ಏರಿದರೆ ಅಥವಾ ಇಳಿದರೆ ಅದು ಒಂದು ಕಾಯಿಲೆ. ಕೆಳಗಿನದು ಸರಿಯಿದ್ದು ಮೇಲೆ ಹೋದಂತೆ ಕಡಿಮೆಯಾಗುತ್ತಾ ಹೋದರೆ ಅದು ಇನ್ನೊಂದು ಕಾಯಿಲೆ. ಸಪ್ತಕದ ಅಳತೆಯೇ ಕುಗ್ಗಿದೆ ಎಂದರ್ಥ.

ಯಾಕೆ ಕುಗ್ಗುತ್ತದೆ? ಸಪ್ತಕ ಏರಿದಾಗಲೆಲ್ಲ ಕಂಪನ ಎರಡರಷ್ಟು ಆಗಬೇಕು. ಆ ಇಮ್ಮಡಿ ಮಾಡುವ ಕೆಲಸವನ್ನು ಒಂದು ಟ್ರಾನ್ಸಿಸ್ಟರ್ ಜೋಡಿ ಮಾಡುತ್ತದೆ. ಕೀಬೋರ್ಡಿನಿಂದ ಬಂದ ಒಂದು ವೋಲ್ಟನ್ನು ಇಳಿಸಿ ಇಳಿಸಿ ಸುಮಾರು 18 ಮಿಲಿವೋಲ್ಟ್ ಮಾಡಿ ಅದಕ್ಕೆ ಕೊಡುತ್ತಾರೆ. 25 ಡಿಗ್ರಿಯಲ್ಲಿ ಒಂದು ಸಪ್ತಕಕ್ಕೆ ಅಷ್ಟು ಸಾಕು. ಬಿಸಿ ಏರಿದರೆ ಅದೇ ಸಪ್ತಕಕ್ಕೆ ಜಾಸ್ತಿ ಮಿಲಿವೋಲ್ಟ್ ಬೇಕು. ಪ್ರತಿ ಡಿಗ್ರಿಗೆ ಶೇಕಡ 0.33ರಷ್ಟು ವ್ಯತ್ಯಾಸ. ಕೇಳಲು ಚಿಕ್ಕದು. ಆದರೆ ಬೆಳಗಿನ 28 ಡಿಗ್ರಿಯಿಂದ ಮಧ್ಯಾಹ್ನದ 40ಕ್ಕೆ ಹೋದರೆ ಶೇಕಡ 4. ಒಂದು ಸಪ್ತಕದಲ್ಲಿ ಹೆಚ್ಚುಕಡಿಮೆ ಅರ್ಧ ಸ್ವರಸ್ಥಾನ ತಪ್ಪುತ್ತದೆ, ಎರಡು ಸಪ್ತಕದಲ್ಲಿ ಒಂದು ಪೂರ್ತಿ ಸ್ವರಸ್ಥಾನ. ಬೇಸಿಗೆಯಲ್ಲಿ 40 ದಾಟುವುದು ನಮ್ಮಲ್ಲಿ ಮಾಮೂಲು. ತಂಪು ದೇಶದವರು ಬರೆದ ಸರ್ವಿಸ್ ಮ್ಯಾನ್ಯುಯಲ್ ಓದುವಾಗ ಇದನ್ನು ನಾವು ನೆನಪಿಡಬೇಕು.

ತಯಾರಕರಿಗೆ ಇದು ಗೊತ್ತು. ಅದಕ್ಕೇ ವೋಲ್ಟೇಜ್ ಇಳಿಸುವ ಜಾಗದಲ್ಲಿ ಟೆಂಪ್ಕೋ ರೆಸಿಸ್ಟರ್ ಹಾಕುತ್ತಾರೆ. ಬಿಸಿಯಾದಂತೆ ಅದರ ಬೆಲೆಯೂ ಪ್ರತಿ ಡಿಗ್ರಿಗೆ ಶೇಕಡ 0.33ರಷ್ಟೇ ಏರುತ್ತದೆ. ಒಂದರ ತಪ್ಪನ್ನು ಇನ್ನೊಂದು ಸರಿಗಟ್ಟುತ್ತದೆ.

ಹುಡುಗನ ಬೋರ್ಡ್ ತಿರುಗಿಸಿ ನೋಡಿದರೆ ಆ ಜಾಗದಲ್ಲಿ ಮಾಮೂಲಿ 1 ಕಿಲೋ ಓಮ್ ಮೆಟಲ್ ಫಿಲ್ಮ್ ರೆಸಿಸ್ಟರ್ ಇತ್ತು. ಬೆಲೆ ಒಂದೇ, ಗುಣ ಬೇರೆ. ಖಾತ್ರಿ ಮಾಡಿಕೊಳ್ಳಲು ಮೇಲಿನ ಸ ಹಿಡಿದು ಟ್ರಾನ್ಸಿಸ್ಟರ್ ಜೋಡಿಯ ಮೇಲೆ ಬೆರಳಿಟ್ಟೆ. ಎರಡು ಮೂರು ಉಸಿರಿನೊಳಗೆ ಸ್ವರ ಇಳಿಯತೊಡಗಿತು. ಬೆರಳು ತೆಗೆದರೆ ನಿಧಾನವಾಗಿ ವಾಪಸ್. ಈ ಪರೀಕ್ಷೆಯನ್ನು ಬೆಳಿಗ್ಗೆಯೇ ಮಾಡಬೇಕು. ಮೇ ತಿಂಗಳ ಮಧ್ಯಾಹ್ನ ನಮ್ಮ ಅಂಗಡಿಯ ಗಾಳಿಗೂ ಬೆರಳಿಗೂ ಬಿಸಿಯಲ್ಲಿ ವ್ಯತ್ಯಾಸ ಇರುವುದಿಲ್ಲ, ಏನೂ ಗೊತ್ತಾಗುವುದಿಲ್ಲ.

ಟೆಂಪ್ಕೋ ಸ್ಥಳೀಯವಾಗಿ ಸಿಗಲಿಲ್ಲ, ಪಾರ್ಸೆಲ್‌ನಲ್ಲಿ ತರಿಸಿದೆವು. ಅದನ್ನು ಸುಮ್ನೆ ಬೋರ್ಡಿಗೆ ಸೋಲ್ಡರ್ ಮಾಡಿಬಿಟ್ಟರೆ ಆಗದು. ಕಾಲು ಬಗ್ಗಿಸಿ ಟ್ರಾನ್ಸಿಸ್ಟರ್ ಜೋಡಿಯ ಬೆನ್ನಿಗೆ ಒರಗುವಂತೆ ಕೂಡಿಸಬೇಕು, ನಡುವೆ ಚೂರು ಹೀಟ್‌ಸಿಂಕ್ ಪೇಸ್ಟ್ ಹಚ್ಚಬೇಕು. ಎರಡಕ್ಕೂ ಒಂದೇ ಬಿಸಿ ತಟ್ಟಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಆಮೇಲೆ ಅರ್ಧ ಗಂಟೆ ಆನ್ ಮಾಡಿ ಬಿಟ್ಟು, ಸೀಲಿಂಗ್ ಫ್ಯಾನ್ ಆಫ್ ಮಾಡಿ ಟ್ಯೂನ್ ಮಾಡಿದೆವು. ಫ್ಯಾನ್ ಗಾಳಿ ನೇರ ಬೋರ್ಡಿನ ಮೇಲೆ ಬಿದ್ದರೆ ಸ್ವರ ಅಲ್ಲಾಡುತ್ತದೆ. ಬೆವರು ಒರೆಸಿಕೊಂಡೇ ಮಾಡಬೇಕು, ಬೇರೆ ದಾರಿಯಿಲ್ಲ.

ಮೇಲಿನ ಸ ಸರಿಯಾಯಿತು. ಎರಡು ಬೋರ್ಡ್ ಒಟ್ಟಿಗೆ ನುಡಿಸಿದಾಗ ಮಾತ್ರ ನಿಧಾನದ ಒಂದು ಉಬ್ಬರ ಇಳಿತ ಉಳಿದಿತ್ತು. "ಅದನ್ನೂ ತೆಗೀರಿ ಸರ್" ಅಂದ. ತೆಗೆಯಲಿಲ್ಲ. ಒಂದು ಆಸಿಲೇಟರ್ ಬಂದ್ ಮಾಡಿ ಕೇಳಿಸಿದೆ, ಮತ್ತೆ ಎರಡನ್ನೂ ಹಚ್ಚಿ ಕೇಳಿಸಿದೆ. ಅವನೇ ಬೇಡ ಬಿಡ್ರಿ ಅಂದ. ಅರ್ಧ ಸ್ವರಸ್ಥಾನ ತಪ್ಪುವುದು ದೋಷ. ಈ ಉಬ್ಬರ ಇಳಿತ ಗುಣ. ಎರಡೂ ಹುಟ್ಟುವುದು ಆಸಿಲೇಟರ್ ಅಲುಗುವುದರಿಂದಲೇ, ಆದರೆ ಒಂದಕ್ಕೆ ಮದ್ದು ಬೇಕು, ಇನ್ನೊಂದಕ್ಕೆ ಬೇಡ. ನಾನು ಇದಕ್ಕೆ ಇಟ್ಟುಕೊಂಡಿರುವ ಪರೀಕ್ಷೆ ಇಷ್ಟೇ: ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಹಾಕಿ ಅದರ ಜೊತೆ ಒಂದು ಹಾಡಿನ ಹೊತ್ತು ನುಡಿಸುತ್ತೇನೆ. ಹಾಡುವವರು ಅದರ ಮೇಲೆ ನಿಲ್ಲಬಹುದು ಅನ್ನಿಸಿದರೆ ಮುಚ್ಚಳ ಹಾಕುತ್ತೇನೆ.

ಹಾಗಂತ ಅನಲಾಗ್ ಅಂದರೆ ಸ್ವರ ಅಲುಗಲೇಬೇಕು ಅಂತಲೂ ಅಲ್ಲ. 1978ರ ಪ್ರಾಫೆಟ್-5ರಲ್ಲೇ ಟ್ಯೂನ್ ಬಟನ್ ಇತ್ತು, ಒತ್ತಿದರೆ ಒಳಗಿನ ಪ್ರೊಸೆಸರ್ ಆಸಿಲೇಟರ್‌ಗಳನ್ನು ಅಳೆದು ಸರಿಪಡಿಸುತ್ತಿತ್ತು. 1984ರಲ್ಲಿ ಬಂದ ರೋಲ್ಯಾಂಡ್ ಜೂನೋ-106ರಲ್ಲಿ ಸ್ವರವನ್ನು ಡಿಜಿಟಲ್ ಗಡಿಯಾರವೇ ಹಿಡಿದಿಡುತ್ತದೆ, ಬಳ್ಳಾರಿ ಬಿಸಿಲಿಗೂ ಜಗ್ಗದು. ಆದರೂ ಅದರ ಶಬ್ದಕ್ಕೆ ಜನ ಇಂದಿಗೂ ಸೋಲುತ್ತಾರೆ. ಅಲ್ಲಿ ಕೆಲಸ ಮಾಡುವುದು ಫಿಲ್ಟರ್ ಮತ್ತು ಕೋರಸ್, ಅಂದರೆ ಒಂದೇ ಶಬ್ದ ಹಲವು ಸೇರಿ ನುಡಿದಂತೆ ಕೇಳಿಸುವ ಸರ್ಕ್ಯೂಟ್.

ಜೂನೋ ತಂದವರು ಹೇಳುವ ಮೊದಲ ದೂರು, ಕೋರಸ್ ಬಟನ್ ಒತ್ತಿದರೆ ಸ್ಸ್ ಅನ್ನುತ್ತದೆ ಅಂತ. ಅದು ಇರುವುದೇ ಹಾಗೆ. ಶಬ್ದವನ್ನು ಚೂರು ಚೂರಾಗಿ ಒಂದರಿಂದ ಒಂದಕ್ಕೆ ದಾಟಿಸುವ ಚಿಪ್ ಅಲ್ಲಿದೆ, ದಾಟಿಸುವಾಗ ಸ್ವಲ್ಪ ಸದ್ದು ಸೇರಿಕೊಳ್ಳುತ್ತದೆ. ಅದನ್ನು ಕಿತ್ತರೆ ಜೂನೋ ಉಳಿಯುವುದಿಲ್ಲ. ಆದರೆ ಒಂದೊಂದೇ ಕೀ ಒತ್ತುತ್ತಾ ಹೋದಾಗ ಆರನೆಯ ಸಲಕ್ಕೊಮ್ಮೆ ಚಟಪಟ ಅಂದರೆ ಅಥವಾ ಸ್ವರವೇ ಬಾರದಿದ್ದರೆ ಅದು ನಿಜವಾದ ದೋಷ. ಒಳಗೆ ಆರು ವಾಯ್ಸ್ ಇವೆ, ಒಂದೊಂದೂ ಒಂದು ಸಲಕ್ಕೆ ಒಂದು ಸ್ವರ ನುಡಿಸುತ್ತದೆ, ಅದರಲ್ಲೊಂದು ಹೋಗಿದೆ. ಆ ವಾಯ್ಸ್ ಚಿಪ್ ಮೇಲೆ ಬಳಿದ ಕಪ್ಪು ಲೇಪ ವಯಸ್ಸಾದಂತೆ ಕರೆಂಟ್ ಸೋರಲು ಬಿಡುತ್ತದೆ. ಚಿಪ್ಪನ್ನು ಕಳಚಿ ಅಸಿಟೋನ್‌ನಲ್ಲಿ ನೆನೆಹಾಕಿ ಲೇಪ ಸುಲಿದರೆ ಎಷ್ಟೋ ಸಲ ಜೀವ ಬರುತ್ತದೆ. ಲೇಪ ಮೆತ್ತಗಾಗುವ ಮೊದಲೇ ಕೆರೆಯಲು ಹೋದರೆ ಒಳಗಿನ ಸಣ್ಣ ಭಾಗಗಳು ಕಿತ್ತು ಬರುತ್ತವೆ. ತಾಳ್ಮೆ ಬೇಕು.

ಇನ್ನೊಂದು ವಿಷಯ, ವಾದ್ಯ ಯಾರದು ಅನ್ನುವುದನ್ನೂ ನೋಡಬೇಕು. ಆರ್ಕೆಸ್ಟ್ರಾದವರಿಗೆ ವೇದಿಕೆ ಮೇಲೆ ಇನ್ನೊಂದು ಕೀಬೋರ್ಡ್, ಗಿಟಾರ್ ಜೊತೆ ಕೂಡಬೇಕು. ಅವರಿಗೆ ಎಷ್ಟಾಗುತ್ತದೋ ಅಷ್ಟು ನೇರ ಟ್ಯೂನ್ ಮಾಡಿಕೊಡುತ್ತೇನೆ. ರಾತ್ರಿಯೆಲ್ಲ ನುಡಿಸಿ ಟೆಂಪೋದಲ್ಲಿ ಹೇರಿಕೊಂಡು ಹೋಗುವವರಿಗೆ ಅನಲಾಗ್‌ನ ಹಾಗೆ ಕೇಳಿಸುವ ಡಿಜಿಟಲ್ ಸಿಂಥೇ ಸಾಕು ಅಂತ ನೇರವಾಗಿಯೇ ಹೇಳುತ್ತೇನೆ, ಅದರಲ್ಲಿ ಕೀಳು ಏನೂ ಇಲ್ಲ. ಮನೆಯಲ್ಲಿ ಕೂತು ರೆಕಾರ್ಡ್ ಮಾಡುವ ಹುಡುಗರಿಗೆ ಮಾತ್ರ ಅಲುಗುವುದನ್ನು ಸ್ವಲ್ಪ ಉಳಿಸಿ ಕೊಡುತ್ತೇನೆ.

ಈ ಹುಡುಗರಲ್ಲಿ ಕೆಲವರು ಇದೆಲ್ಲ ಫಾರಿನ್ ಸಂಗೀತಕ್ಕೆ ಅಂದುಕೊಂಡಿರುತ್ತಾರೆ. 1969ರಲ್ಲೇ ಅಹಮದಾಬಾದ್‌ನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಮೋಗ್ ಸಿಂಥ್ ಬಂದಿತ್ತು, ಸಂಗೀತಗಾರ್ತಿ ಗೀತಾ ಸಾರಾಭಾಯಿ ಅಂಥವರು ಅದರ ಮೇಲೆ ಕೆಲಸ ಮಾಡಿದ್ದರು. 1982ರಲ್ಲಿ ಮುಂಬೈಯ ಚರಣ್‌ಜಿತ್ ಸಿಂಗ್ ರೋಲ್ಯಾಂಡ್ ಜುಪಿಟರ್-8, ಟಿಬಿ-303 ಬೇಸ್ ಯಂತ್ರ, ಟಿಆರ್-808 ಡ್ರಮ್ ಯಂತ್ರ ಇಟ್ಟುಕೊಂಡು ರಾಗಗಳನ್ನೇ ನುಡಿಸಿ ರೆಕಾರ್ಡ್ ಮಾಡಿದರು. 303ರಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಸ್ಲೈಡ್ ಇದೆ. ಮೀಂಡ್ ಗೊತ್ತಿರುವ ಕೈಗೆ ಅದು ಸಿಕ್ಕರೆ ಏನಾಗುತ್ತದೆ ಅಂತ ಅಲ್ಲಿ ಕೇಳಬಹುದು. ಪೇಟಿಯಲ್ಲಿ ಮೀಂಡ್ ಬರುವುದಿಲ್ಲ. ಮಿನಿಮೋಗ್ ಥರದ್ದರಲ್ಲಿ ಗ್ಲೈಡ್ ನಾಬ್ ತಿರುಗಿಸಿದರೆ ಹತ್ತಿರ ಹತ್ತಿರ ಬರುತ್ತದೆ. ನಮ್ಮ ಕಡೆಯ ಹುಡುಗರು ತತ್ವಪದದ ಧಾಟಿಯನ್ನು ಇದರಲ್ಲಿ ಪ್ರಯತ್ನಿಸಲಿ ಅಂತ ನನಗೆ ನಿಜವಾಗಿಯೂ ಆಸೆ.

ಉಳಿದದ್ದು ಚಿಕ್ಕ ವಿಷಯ. ನಮ್ಮ ಕೆಂಪು ಧೂಳು ನಾಬ್, ಸ್ಲೈಡರ್‌ಗಳ ಒಳಗೆ ಹೋಗಿ ಕರಕರ ಅನ್ನಿಸುತ್ತದೆ. ನುಡಿಸದಾಗ ಬಟ್ಟೆ ಮುಚ್ಚಿಡಿ. ಬಿಸಿ 10 ಡಿಗ್ರಿ ಏರಿದರೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಆಯುಸ್ಸು ಹೆಚ್ಚುಕಡಿಮೆ ಅರ್ಧ ಆಗುತ್ತದೆ, ಶೀಟ್ ಮನೆಯ ಅಟ್ಟದ ಮೇಲೆ ಇಡಬೇಡಿ. ಒಳಗೆ ಮೆಮೊರಿ ಬ್ಯಾಟರಿ ಇರುವ ಹಳೆಯ ಸಿಂಥ್ ಕೊಂಡರೆ ಮೊದಲು ಅದನ್ನು ತೆರೆಸಿ ನೋಡಿ. 1981ರ ಕೋರ್ಗ್ ಪಾಲಿಸಿಕ್ಸ್‌ನಲ್ಲಿ ಆ ಬ್ಯಾಟರಿ ಸೋರಿ ಬೋರ್ಡನ್ನೇ ತಿಂದುಹಾಕುತ್ತದೆ.

ಜಪಾನ್‌ನಿಂದ ಬಂದ ಸೆಕೆಂಡ್ ಹ್ಯಾಂಡ್ ಮಾಲು ಆಗಿದ್ದರೆ ಹಿಂದಿನ ಪ್ಲೇಟ್ ಓದಿ. 100 ವೋಲ್ಟ್ ಅಂತ ಇದ್ದರೆ ನಮ್ಮ 230ಕ್ಕೆ ನೇರ ಹಚ್ಚಬೇಡಿ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತೆಗೆದುಕೊಂಡು, ಅದರ ಔಟ್‌ಪುಟ್ 110 ಅಲ್ಲ, 100 ಇದೆ ಅಂತ ಮೀಟರ್ ಹಿಡಿದು ನೋಡಿ ಆಮೇಲೆ ಆನ್ ಮಾಡಿ. ಮೀಟರ್ ಇಲ್ಲದವರು ಅಂಗಡಿಗೆ ತನ್ನಿ, ನೋಡಿಕೊಡುತ್ತೇನೆ.