ವಾಲಿದ ನಾಗನ ಕಲ್ಲು

2019ರ ಆಗಸ್ಟ್ 5ರಂದು ನಾಗರ ಪಂಚಮಿ. ಶಿರಸಿ ಸೀಮೆಯ ನಮ್ಮ ಅಡಿಕೆ ತೋಟದ ಮೂಲೆಯಲ್ಲಿರುವ ನಾಗನ ಕಲ್ಲಿಗೆ ಅಪ್ಪಯ್ಯ ಎಂದಿನಂತೆ ಹಾಲೆರೆದು, ಅಡಿಕೆಯ ಹೂಗೊನೆಯಾದ ಸಿಂಗಾರ ಏರಿಸಿ, ತೋಟವನ್ನು ಕಾಪಾಡೆಂದು ಕೇಳಿಕೊಂಡಿದ್ದರು. ಮರುದಿನ ರಾತ್ರಿಯ ಗಾಳಿಗೆ 73 ಮರಗಳು ಉರುಳಿದವು. ಅವುಗಳಲ್ಲೊಂದು ನಾಗನ ಕಟ್ಟೆಯ ಮೇಲೆಯೇ ಬಿದ್ದು ಕಲ್ಲು ವಾಲಿತ್ತು.

ಅದೇ ವಾರ ಗಂಗಾವಳಿ ನದಿ ಅಂಕೋಲೆಯ ಕಡೆ ಮನೆಗಳಿಗೇ ನುಗ್ಗಿತ್ತು. ಅದರ ಮುಂದೆ ನಮ್ಮ ನಷ್ಟ ದೊಡ್ಡದಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ. ‘ಮೊನ್ನೆ ಹಾಲೆರೆದದ್ದು ಇದಕ್ಕೇಯಾ ಅಪ್ಪಯ್ಯಾ?’ ಎಂದು ಕೇಳಿಬಿಟ್ಟೆ. ಅವರು ನನ್ನ ಮುಖ ನೋಡದೆ, ‘ಮೊದ್ಲು ಮರ ಎಣಿಸು ತಮಾ’ ಎಂದರು.

ಅವರ ದೇವರ ಬಗ್ಗೆ ನಾನು ತಿಳಿದುಕೊಂಡಿದ್ದರಲ್ಲಿ ಹೆಚ್ಚಿನದು ಆ ಎಣಿಕೆಯ ನಂತರದ ದಿನಗಳದ್ದು. ಬಿದ್ದ ಮರಗಳನ್ನು ಅಪ್ಪಿಕೊಂಡಿದ್ದ ಕಾಳುಮೆಣಸಿನ ಬಳ್ಳಿಗಳು ಮಣ್ಣಿನಲ್ಲಿ ಬಿದ್ದಿದ್ದವು. ಅವು ಒಣಗುವ ಮೊದಲೇ ಅಪ್ಪಯ್ಯ ಎರಡು-ಮೂರು ಗಣ್ಣುಗಳ ತುಂಡುಗಳಾಗಿ ಕತ್ತರಿಸಿ, ಮಣ್ಣು ತುಂಬಿದ ಪ್ಲಾಸ್ಟಿಕ್ ಕೊಟ್ಟೆಗಳಲ್ಲಿ ಊರಿದರು. ನಿಂತ ಮರಗಳಿಗೆ ಕೊಳೆ ರೋಗ ತಗಲುವ ಭಯ ಬೇರೆ ಇತ್ತು. 100 ಲೀಟರ್ ನೀರಿಗೆ ತಲಾ 1 ಕಿಲೋ ಮೈಲುತುತ್ತ, ಸುಣ್ಣ ಹಾಕಿ ಮದ್ದು ಮಾಡುವುದೇನೋ ಸುಲಭ, ಹೊಡೆಯಲು ಮಳೆ ಬಿಡುವು ಕೊಡಬೇಕಲ್ಲ. ಒಂದು ಮಧ್ಯಾಹ್ನ ಹೊಳವಾದಾಗ ಊಟದ ಬಾಳೆಯಿಂದಲೇ ಎದ್ದು, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನನ್ನು ಕರೆಯಲು ಓಡಿದರು. ಮಳೆಗಾಲ ಮುಗಿದ ಮೇಲೆ, ಬಯಲಾದ ಜಾಗದಿಂದ ನುಗ್ಗುವ ಪಡುವಣ ಬಿಸಿಲಿಗೆ ಉಳಿದ ಮರಗಳ ಕಾಂಡ ಸುಟ್ಟು ಸೀಳದಂತೆ, ಒಂದೊಂದಕ್ಕೂ ಸೋಗೆ ಸುತ್ತಿ ಕಟ್ಟಿದೆವು. ಪರಿಹಾರದ ಹಣವೂ ಬಂತು. ಮರ ತುಂಡು ಮಾಡಿ ಹೊತ್ತವರ ಕೂಲಿಗೆ ಅದು ಸಾಲಲಿಲ್ಲ ಎಂದಷ್ಟೇ ಹೇಳಬಲ್ಲೆ.

ಇಷ್ಟರ ನಡುವೆ ಸಂಜೆಯ ದೀಪ ಒಂದು ದಿನವೂ ತಪ್ಪಲಿಲ್ಲ. ಕಲ್ಲನ್ನು ಮಾತ್ರ ಅವರು ತಾವಾಗಿ ನೆಟ್ಟಗೆ ಮಾಡಲಿಲ್ಲ, ಭಟ್ಟರು ಬಂದು ಶಾಸ್ತ್ರ ಮಾಡುವವರೆಗೆ ವಾಲಿದ ಕಲ್ಲಿಗೇ ಹಣತೆ ಇಟ್ಟರು. ಅವರಿಗೆ ಸಿಟ್ಟು ಬಂದಿರಲಿಲ್ಲವೆಂದು ನಾನು ನಂಬುವುದಿಲ್ಲ. ಮೊದಲ ನಾಲ್ಕು ದಿನ ದೀಪವಿಟ್ಟವರು ಕೈಮುಗಿಯದೆ ಹಿಂದಿರುಗಿದ್ದನ್ನು ಆಯಿ, ಅಂದರೆ ನನ್ನ ಅಮ್ಮನೂ ನೋಡಿದ್ದಳು. ನಾವಿಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ.

ಬಿದ್ದ ಮರಗಳ ಜಾಗದಲ್ಲಿ 2020ರ ಜೂನಿನಲ್ಲಿ ಸಸಿ ನೆಟ್ಟೆವು. ಅವು ಫಲ ಕೊಡಲು ಐದಾರು ವರ್ಷವಾದರೂ ಬೇಕು, ಅಪ್ಪಯ್ಯನಿಗೆ ಆಗಲೇ 71. ಜುಲೈ 25ರ ಪಂಚಮಿಯಂದು ಹಾಲಿನ ತಂಬಿಗೆ ಹಿಡಿದು ನಾನೂ ಕಟ್ಟೆಯ ಬಳಿ ನಿಂತೆ. ಈ ಸಲ ಏನು ಕೇಳಿಕೊಳ್ಳುತ್ತಾರೋ ಎಂದು ಕಿವಿಗೊಟ್ಟಿದ್ದೆ. ಹಾಲೆರೆಯುತ್ತಲೇ ಅವರು ಕಾದಿಗೆಯತ್ತ, ಅಂದರೆ ತೋಟದ ನೀರು ಬಸಿದುಹೋಗುವ ಕಾಲುವೆಯತ್ತ ನೋಡಿ, ‘ಆ ಸಸಿ ಬುಡದಲ್ಲಿ ನೀರು ನಿಂತಿದ್ದು, ಕಾದಿಗೆ ಬಿಡ್ಸು ಹೋಗು’ ಎಂದರು.